ಅಪ್ಪನ ಪೈಪು, ಅಮ್ಮನ ಹುಳಿಪುಡಿ

ನಮ್ಮ ಕೆಳಗಿನ ಮನೆಗೆ ದಾವಣಗೆರೆ ಕಡೆಯ ತರುಣನೊಬ್ಬ ಬಾಡಿಗೆಗೆ ಬಂದ ಮೇಲೆ ಸಂಜೆ ಹೊತ್ತು ನನ್ನ ಅಡುಗೆಮನೆಯ ಕಿಟಕಿಯಲ್ಲಿ ಒಂದು ವಾಸನೆ ಸುಳಿಯತೊಡಗಿತು. ಮೊದಲ ದಿನ ಬೆಲ್ಲದ ಪಾಕ ಸೀದುಹೋಯಿತೇನೋ ಎಂದು ಓಡಿಹೋಗಿ ಒಲೆ ನೋಡಿದೆ. ಒಲೆಯ ಮೇಲೆ ಏನೂ ಇರಲಿಲ್ಲ. ಮಾರನೆಯ ದಿನ ನಿಂತು ಸರಿಯಾಗಿ ಮೂಸಿದೆ. ಒಣಹಣ್ಣು, ಬೆಲ್ಲ, ಅದರಡಿಯಲ್ಲಿ ಹಸಿ ಎಲೆ ಸುಟ್ಟ ಹೊಗೆ. ಪೈಪು! ಈ ಕಾಲದಲ್ಲಿ, ಈ ಕೊಯಮತ್ತೂರಿನಲ್ಲಿ ಪೈಪು ಸೇದುವವರಿದ್ದಾರೆಯೇ ಎಂದು ನೀವು ಕೇಳಬಹುದು. ಇದ್ದಾರೆ. ನನ್ನ ಕಾಲಕೆಳಗೇ ಇದ್ದಾನೆ.

ಹೆಸರು ಕಿರಣ. ಪಂಪು ಮಾಡುವ ಕಂಪನಿಯಲ್ಲಿ ಎಂಜಿನಿಯರು. ಒಳ್ಳೆಯ ಹುಡುಗ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವನ ಬಗ್ಗೆ ಒಳ್ಳೆಯ ಮಾತು ಹೇಳುವಷ್ಟು ತಾಳ್ಮೆ ನನಗೆ ಇರುತ್ತದೋ ಇಲ್ಲವೋ. ನಾನು ಕನ್ನಡದವಳು ಎಂದು ಗೊತ್ತಾದ ದಿನ ಲಿಫ್ಟಿನಲ್ಲೇ ಹಿರಿಹಿರಿ ಹಿಗ್ಗಿದ್ದ. ನನ್ನ ಕನ್ನಡ ಕೇಳಿ ನಗು ನುಂಗಿಕೊಂಡದ್ದೂ ನನಗೆ ಕಾಣಿಸಿತು. ನಮ್ಮದು ಪೊಳ್ಳಾಚಿ ಹತ್ತಿರದ ನೆಗಮಂ ಊರಿನ ನೇಕಾರರ ಮನೆಯ ಕನ್ನಡ. ತಲೆಮಾರುಗಟ್ಟಲೆ ತಮಿಳಿನ ಜೊತೆ ಸಂಸಾರ ಮಾಡಿ ಅದರ ರಾಗವನ್ನೇ ಹಿಡಿದುಕೊಂಡದ್ದು. ಅಕ್ಷರಗಳಾದರೂ ನನಗೆ ಬಂದದ್ದು ಮದುವೆಯಾಗಿ ಕೆಲವು ವರ್ಷ ಮೈಸೂರಿನಲ್ಲಿದ್ದಾಗ. ನನ್ನ ಅಮ್ಮ ಬದುಕಿಡೀ ಕನ್ನಡದಲ್ಲೇ ಬೈದು, ಕನ್ನಡದಲ್ಲೇ ಮುದ್ದು ಮಾಡಿ, ಒಂದಕ್ಷರ ಕನ್ನಡ ಓದಲಾರದೆ ತೀರಿಕೊಂಡವಳು. ಅದಿರಲಿ.

ಹೋದ ತಿಂಗಳು ಕಿರಣ ಲಿಫ್ಟಿನಲ್ಲಿ ಸಿಕ್ಕು ಕೇಳಿದ: “ಆಂಟಿ, ಬೇರೆ ಯಾರಾದ್ರೂ ಅಡುಗೆಯವ್ರು ಗೊತ್ತಾ ನಿಮಗೆ?”

“ಯಾಕಪ್ಪ, ಪಾಪಾತ್ತಿ ಬತ್ತಾ ಇಲ್ವಾ?”

“ಬಿಡಿಸಿಬಿಟ್ಟೆ ಆಂಟಿ. ಏನು ಮಾಡಿದ್ರೂ ಖಾರ. ಬಾಯಿಗಿಟ್ಟರೆ ನಾಲಿಗೆ ಉರಿಯುತ್ತೆ. ಮೆಣಸಿನಕಾಯಿ ಕಡಿಮೆ ಹಾಕಮ್ಮಾ ಅಂತ ಎಷ್ಟು ಸಲ ಹೇಳೋದು? ಗ್ರೂಪಲ್ಲೂ ಹಾಕಿದೀನಿ, ಬೇರೆಯವ್ರಿಗೂ ಗೊತ್ತಿರಲಿ ಅಂತ.”

ಗ್ರೂಪು ಎಂದರೆ ನಮ್ಮ ಅಪಾರ್ಟ್‌ಮೆಂಟಿನವರೆಲ್ಲ ನೀರು ಬರಲಿಲ್ಲ, ನಾಯಿ ಬೊಗಳಿತು ಎಂದು ಬರೆದುಕೊಳ್ಳುವ ವಾಟ್ಸಾಪ್ ಗ್ರೂಪು. ಪಾಪಾತ್ತಿ ನಮ್ಮ ಕಟ್ಟಡದ ಕೆಲವು ಮನೆಗಳಿಗೆ ಅಡುಗೆ ಮಾಡಿಕೊಡುವ ಹೆಂಗಸು. ಅವಳ ಕೈಯ ರಸಂ ನಾನು ಕುಡಿದಿದ್ದೇನೆ, ಜ್ವರ ಬಂದ ಕೂಸಿಗೂ ಕೊಡಬಹುದು, ಅಷ್ಟು ಹದ. ಅದನ್ನು ಖಾರ ಎನ್ನುತ್ತಿರುವವನು ಯಾರು? ಬೆಳಿಗ್ಗೆ ಎದ್ದು ಮಂಡಕ್ಕಿಗೆ ಮೆಣಸಿನಕಾಯಿ ಬಜ್ಜಿ ನಂಜಿಕೊಳ್ಳುವ ಊರಿನಲ್ಲಿ ಹುಟ್ಟಿದವನು!

ನಾನು ಮೇಲೆ ಬಂದೆ. ಫೋನು ತೆಗೆದು ಗ್ರೂಪು ನೋಡಿದೆ. ಅವನು ಬರೆದದ್ದಕ್ಕೆ ಇನ್ನೆರಡು ಮನೆಯವರು, ಹೌದು, ನಮಗೂ ಹಾಗೇ ಅನಿಸಿತ್ತು, ನಾವೂ ನಿಲ್ಲಿಸುತ್ತೇವೆ ಎಂದು ಬರೆದಿದ್ದರು. ಹಾಗೇ ಅನಿಸಿತ್ತಂತೆ! ನಿನ್ನೆಯವರೆಗೆ ಅನಿಸದೇ ಇದ್ದದ್ದು. ಒಬ್ಬ ಗಂಡಸು ಬಾಯಿ ಬಿಟ್ಟು ಖಾರ ಎಂದರೆ ಊರಿನ ನಾಲಿಗೆಗಳೆಲ್ಲ ಒಟ್ಟಿಗೆ ಉರಿಯತೊಡಗುತ್ತವೆ. ಇದನ್ನು ನಾನು ಚಿಕ್ಕಂದಿನಲ್ಲೇ ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ನನಗೆ ಅಷ್ಟು ಸಿಟ್ಟು ಬಂದದ್ದು.

ನಮ್ಮ ಬೀದಿಯಲ್ಲಿ ಮನೆಮನೆಗೂ ಮಗ್ಗವಿತ್ತು. ಅಪ್ಪ ನೇಯ್ಗೆಯನ್ನು ತಮ್ಮಂದಿರಿಗೆ ಬಿಟ್ಟು ಸೀರೆ ಮಾರುವುದಕ್ಕೆ ಇಳಿದಿದ್ದ. ನೂಲಿನ ಸೀರೆಯ ಗಂಟು ಹೊತ್ತು ಬಸ್ಸು ಹತ್ತಿ ವಾಲ್ಪಾರೈ ಟೀ ತೋಟಗಳಿಗೆ ಹೋಗುತ್ತಿದ್ದ. ಅಲ್ಲಿ ಒಂದು ಟೀ ಫ್ಯಾಕ್ಟರಿಯಲ್ಲಿ ಅಮ್ಮನ ತಮ್ಮ, ನನ್ನ ಸೋದರಮಾವ, ಟೀ ರುಚಿ ನೋಡುವ ಕೆಲಸದಲ್ಲಿದ್ದ. ಅವನ ಪರಿಚಯದಿಂದ ಅಪ್ಪನಿಗೆ ದೊಡ್ಡ ಬಂಗಲೆಗಳ ವರಾಂಡದವರೆಗೂ ಪ್ರವೇಶ ಸಿಕ್ಕಿತ್ತು. ಆ ವರಾಂಡಗಳಲ್ಲೊಂದರಲ್ಲಿ ಅಪ್ಪ ಪೈಪು ಸೇದುವ ಒಬ್ಬ ಮ್ಯಾನೇಜರನ್ನು ನೋಡಿದ. ಆ ಮನುಷ್ಯ ಯಾವ ಪ್ರಶ್ನೆಗೂ ಕೂಡಲೇ ಉತ್ತರ ಕೊಡುತ್ತಿರಲಿಲ್ಲವಂತೆ. ಪೈಪು ಬಾಯಿಂದ ತೆಗೆದು, ಅದನ್ನೊಮ್ಮೆ ನೋಡಿ, ಮತ್ತೆ ಬಾಯಿಗಿಟ್ಟುಕೊಂಡು, ಆಮೇಲೆ “ನೋಡೋಣ” ಎನ್ನುತ್ತಿದ್ದನಂತೆ. ಅಪ್ಪನಿಗೆ ಅದು ಬಹಳ ಹಿಡಿಸಿತು. ನಮ್ಮಪ್ಪ ದಿನವಿಡೀ ಮಾತಾಡಿ ಸೀರೆ ಮಾರುವವನು. ಮಾತಾಡದೆ ದೊಡ್ಡವನಾಗುವ ದಾರಿ ಅವನಿಗೆ ಅಲ್ಲಿ ಕಾಣಿಸಿತೆಂದು ತೋರುತ್ತದೆ.

ಕೊಯಮತ್ತೂರಿನಲ್ಲಿ ಕೊಡೆ, ಊರುಗೋಲು, ಲೈಟರು ಮಾರುವ ಅಂಗಡಿಯೊಂದಿತ್ತು. ಅಲ್ಲಿಂದ ಪೈಪನ್ನೂ ಒಂದು ಡಬ್ಬಿ ತಂಬಾಕನ್ನೂ ತಂದ. ಆ ಅಂಗಡಿಯವನ ಮೇಲೆ ನನಗೆ ಇವತ್ತಿಗೂ ಕೋಪ. “ತಂಬಾಕು ಒಣಗಬಾರದು, ಡಬ್ಬಿಯಲ್ಲಿ ಒದ್ದೆ ಬಟ್ಟೆ ಇಡಿ. ಮೊದಮೊದಲು ನಾಲಿಗೆ ಉರಿಯುತ್ತದೆ, ಪಳಗಬೇಕು” ಎಂದು ಹೇಳಿ ಕಳಿಸಿದನಂತೆ. ಪಳಗಬೇಕು! ಚಪ್ಪಲಿ ಕಚ್ಚಿದರೆ ಕಾಲು ಪಳಗಬೇಕು ಅನ್ನುವವನೂ ಅವನೇ ಇರಬೇಕು. ಅಪ್ಪ ಬಟ್ಟೆ ಒದ್ದೆ ಮಾಡಿಟ್ಟೇ ಇಟ್ಟ. ಡಬ್ಬಿ ತೆರೆದರೆ ತಂಬಾಕು ಹಲ್ವದ ಹಾಗೆ ಜಿಡ್ಡುಜಿಡ್ಡಾಗಿರುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಗಿಡಿದು ತುಂಬಿ, ತಿದಿ ಒತ್ತಿದ ಹಾಗೆ ಎಳೆಯುತ್ತಿದ್ದ. ಸಂಜೆ ಜಗುಲಿಯಲ್ಲಿ ನಾಲ್ಕು ಜನ ಕೂತಿದ್ದಾಗ ಪೈಪು ಆರಿಹೋದರೆ ಮಾನ ಹೋಯಿತೆಂದು ಅವನ ಲೆಕ್ಕ. ಆರದಿರಲೆಂದು ಇನ್ನೂ ಜೋರಾಗಿ ಎಳೆಯುತ್ತಿದ್ದ. ಒಂದು ಮುಗಿದ ಕೂಡಲೇ ಬಿಸಿ ಪೈಪಿಗೇ ಇನ್ನೊಂದು ಸಲ ತುಂಬುತ್ತಿದ್ದ.

ಇನ್ನು ಅಮ್ಮನ ವಿಷಯ. ಅಮ್ಮ ಹುಳಿಪುಡಿ ಮಾಡಿ ಮಾರುತ್ತಿದ್ದಳು. ಬೀದಿಯಲ್ಲಿ ಅದಕ್ಕೆ ಕೊಳಂಬು ಪೊಡಿ ಎನ್ನುತ್ತಿದ್ದರು. ಕೊತ್ತಂಬರಿ ಬೇರೆ, ಮೆಣಸಿನಕಾಯಿ ಬೇರೆ, ಬೇಳೆ ಬೇರೆ ಹುರಿದು, ಹಿತ್ತಲ ಚಪ್ಪರದಡಿ ಹರವಿ, ಆರಿದ ಮೇಲೆ ಬೀಸಿಸಿ ತರುತ್ತಿದ್ದಳು. ಹುರಿಯುವಾಗ ನಾವು ಮಾತಾಡಿಸಿದರೂ ಉತ್ತರ ಕೊಡುತ್ತಿರಲಿಲ್ಲ. ಪಕ್ಕದ ಬೀದಿಗಳಿಂದಲೂ ಹೆಂಗಸರು ತೂಗುಪಾತ್ರೆ, ಡಬ್ಬಿ ಹಿಡಿದು ಬರುತ್ತಿದ್ದರು. ನನ್ನನ್ನು ಶಾಲೆಯಲ್ಲಿ “ಪೊಡಿಯಮ್ಮನ ಮಗಳು” ಎಂದು ಕರೆಯುತ್ತಿದ್ದರು, ನನಗೆ ಅದು ಹೆಮ್ಮೆಯಾಗಿತ್ತು. ಅಪ್ಪನ ಮನೆ, ಅಪ್ಪನ ಅಣ್ಣತಮ್ಮಂದಿರು, ಅಪ್ಪನ ಮಗ್ಗ ಎಂದು ಎಲ್ಲವೂ ಅಪ್ಪನದಾಗಿದ್ದ ಆ ಬೀದಿಯಲ್ಲಿ ಅಮ್ಮನದು ಅಂತ ಇದ್ದದ್ದು ಅದೊಂದೇ.

ಮತ್ತೆ, ಅಪ್ಪನಿಗೆ ಒಳ್ಳೆಯ ನಾಲಿಗೆಯಿದೆ ಎಂದು ಊರಿನಲ್ಲಿ ಹೆಸರಿತ್ತು. ಸುಳ್ಳಲ್ಲ, ಇತ್ತು. ಮದುವೆಮನೆಯ ಅಡುಗೆಯವರು ಉಪ್ಪು ನೋಡಲು ಅವನನ್ನೇ ಕರೆಯುತ್ತಿದ್ದರು. ಆದ್ದರಿಂದಲೇ ಪೈಪು ಬಂದ ಕೆಲವು ವಾರಗಳಲ್ಲಿ ಅವನು ತಟ್ಟೆಯ ಮುಂದೆ ಮುಖ ಕಿವುಚತೊಡಗಿದಾಗ ಅಮ್ಮ ತನ್ನ ಕೈಯನ್ನೇ ಸಂಶಯಿಸಿದಳು.

“ಕಾರ ಜಾಸ್ತಿ ಆಯ್ತು ಕಣೇ. ನಾಲಿಗೆ ತುದಿ ಸುಡ್ತಾ ಐತೆ.”

“ಯಾವಾಗಿನ ಹಂಗೇ ತಾನೇ ಹಾಕಿವ್ನಿ?”

“ಹಂಗಾದ್ರೆ ಮೆಣಸಿನಕಾಯಿ ಸರಿ ಇಲ್ಲ.”

ಅಮ್ಮ ಮೆಣಸಿನಕಾಯಿ ಬದಲಿಸಿದಳು. ಅಂಗಡಿ ಬದಲಿಸಿದಳು. ಮೆಣಸಿನಕಾಯಿ ಕಡಿಮೆ ಮಾಡುತ್ತ ಹೋಗಿ ಕೊನೆಗೆ ನಮ್ಮ ಮನೆಯ ಹುಳಿ ಅರಿಸಿನದ ನೀರಿನಂತಾಯಿತು. ನಾವು ಮಕ್ಕಳು ಉಪ್ಪಿನಕಾಯಿ ಕಲಸಿಕೊಂಡು ಉಣ್ಣತೊಡಗಿದೆವು. ಅಪ್ಪ ಆಗಲೂ ಉರಿ ಎಂದ.

ಆಮೇಲೆ ಆದದ್ದು ಕೇಳಿ. ಬೀದಿಯಲ್ಲಿ ಒಂದು ಮನೆಯವರು ಮಗಳ ನಿಶ್ಚಯದ ಊಟ ಇಟ್ಟುಕೊಂಡಿದ್ದರು. ಪುಡಿ ಅಮ್ಮನದೇ, ಮಾರಲು ಮಾಡುತ್ತಿದ್ದ ಹಳೆಯ ಅಳತೆಯದೇ. ಮೊದಲ ಪಂಕ್ತಿಯಲ್ಲಿ ಹಿರಿಯರ ಜೊತೆ ಅಪ್ಪ. ಊಟಕ್ಕೆ ಮುಂಚೆ ಜಗುಲಿಯಲ್ಲಿ ಕೂತು ಎರಡು ಸಲ ಪೈಪು ಸೇದಿದ್ದ. ಮೊದಲ ತುತ್ತು ಬಾಯಿಗಿಟ್ಟ ಕೂಡಲೇ ಹಾ ಎಂದು ನೀರು ಕುಡಿದು, ಎಲೆಯನ್ನು ಮುಂದಕ್ಕೆ ಸರಿಸಿ, ಎಲ್ಲರಿಗೂ ಕೇಳುವಂತೆ ತಮಿಳಿನಲ್ಲಿ ಹೇಳಿಬಿಟ್ಟ: “ಈ ಪೊಡಿಯಲ್ಲಿ ಏನೋ ಕಲಬೆರಕೆ ಇದೆ.”

ಹೆಂಡತಿಯ ಪುಡಿ! ಅಮ್ಮ ಅಲ್ಲೇ, ಬಡಿಸಲು ಪಾತ್ರೆ ಹಿಡಿದು ನಿಂತಿದ್ದಳು. ನಾನು ಅವಳ ಪಕ್ಕದಲ್ಲಿದ್ದೆ. ಅವಳು ಪಾತ್ರೆಯನ್ನು ಕೆಳಗಿಟ್ಟದ್ದನ್ನು ನೋಡಿದೆ, ಸದ್ದಾಗದ ಹಾಗೆ, ನಿಧಾನವಾಗಿ. ಪಂಕ್ತಿಯಲ್ಲಿ ಅದುವರೆಗೆ ಸುಮ್ಮನೆ ಉಣ್ಣುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಕೆಮ್ಮತೊಡಗಿದರು. ಬೇಕಿದ್ದರೆ ಆಣೆ ಮಾಡಿ ಹೇಳುತ್ತೇನೆ, ಆ ಮಾತಿಗೆ ಮುಂಚೆ ಒಬ್ಬನೂ ಕೆಮ್ಮಿರಲಿಲ್ಲ.

ಡಬ್ಬಿಗಳು ಬರುವುದು ನಿಂತಿತು. ಹೊತ್ತು ಹೋಗದ ಅಮ್ಮ ಮಗ್ಗಕ್ಕೆ ನೂಲು ಸುತ್ತಿಕೊಡಲು ಕೂತಳು. ಅಪ್ಪನ ಹತ್ತಿರ ಜಗಳವಾಡಲಿಲ್ಲ. ಅವನನ್ನು ಗಮನಿಸತೊಡಗಿದಳು.

ಒಂದು ದಿನ ಅಪ್ಪನಿಗೆ ಎಳನೀರು ಕೊಟ್ಟಳು. ಅಪ್ಪ ಕುಡಿದು, “ಇದೂ ಯಾಕೋ ಉರೀತೈತೆ” ಎಂದ. ಆಮೇಲೆ ಅಪ್ಪ ಅನ್ನೂರಿನಲ್ಲಿದ್ದ ತನ್ನ ಅಣ್ಣನ ಮನೆಗೆ ಹೋಗಿ ಒಂದಷ್ಟು ದಿನ ಉಳಿದ. ನಮ್ಮ ದೊಡ್ಡಪ್ಪನ ಮುಂದೆ ಅಪ್ಪ ಕಾಲು ಚಾಚಿ ಕೂರುತ್ತಿರಲಿಲ್ಲ, ಇನ್ನು ಪೈಪು ಎಲ್ಲಿಂದ? ಅದು ಪೆಟ್ಟಿಗೆಯಲ್ಲೇ ಮಲಗಿತ್ತು. ಅಪ್ಪ ವಾಪಸು ಬಂದವನು ಬಸ್ಸಿಳಿದು ನೇರ ಊಟಕ್ಕೆ ಕೂತ. ಅಮ್ಮ ಅವತ್ತು ಬೇಕೆಂದೇ ಹಳೆಯ ಅಳತೆಯ ಮೆಣಸಿನಕಾಯಿಯ ಪುಡಿ ಹಾಕಿ ಹುಳಿ ಮಾಡಿದ್ದಳು. ಅಪ್ಪ ಚಪ್ಪರಿಸಿ ಉಂಡು, “ಇನ್ನೊಂದ್ ಕರಂಡಿ ಹಾಕು” ಎಂದ. ಮಾರನೆಯ ದಿನ, ಪೈಪು ಹೊತ್ತಿಸಿದ ಮೇಲೆ, ಅದೇ ಹುಳಿಗೆ ಮತ್ತೆ ಮುಖ ಕಿವುಚಿದ.

“ಇಲ್ ನೋಡಿ,” ಎಂದಳು ಅಮ್ಮ, “ಸುಡ್ತಾ ಇರೋದು ನನ್ನ ಪೊಡಿ ಅಲ್ಲ. ನೀವು ಬಾಯಲ್ಲಿಟ್ಟು ಉರುಪ್ತೀರಲ್ಲ, ಅದು.”

“ನಿಂಗೇನ್ ತೆರಿಯುತ್ತೆ ಪೈಪ್ ವಿಷ್ಯ? ದೊಡ್ಡ ದೊಡ್ಡ ದೊರೆಗಳು ಸೇದ್ತಾರೆ. ಅವ್ರ ನಾಲಿಗೆ ಬೆಂದ್ ಹೋಯ್ತಾ?”

ಹೆಂಡತಿಗೆ ಏನು ತಿಳಿಯುತ್ತದೆ ಎಂಬ ಈ ಪ್ರಶ್ನೆಯನ್ನು ಗಂಡಸರು ಉತ್ತರ ಸಿಕ್ಕ ಮೇಲೆಯೇ ಯಾಕೆ ಕೇಳುತ್ತಾರೋ! ಅಮ್ಮ ವಾಲ್ಪಾರೈಗೆ ಹೋಗುವವರ ಕೈಲಿ ತಮ್ಮನಿಗೆ ಬಾ ಎಂದು ಹೇಳಿ ಕಳಿಸಿದಳು. ತಾನು ಹೇಳಿದರೆ ಕೇಳದ್ದನ್ನು ಗಂಡಸು ಹೇಳಿದರೆ ಕೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ನನಗೆ ಈಗ ಮೈ ಉರಿಯುವುದು ಅವಳಿಗೆ ಅದು ಗೊತ್ತಿತ್ತಲ್ಲ ಎಂಬುದಕ್ಕೇ.

ಮಾವ ಬಂದ. ಬಂದವನು ಪುಡಿಯ ಮಾತೇ ಎತ್ತದೆ ಜಗುಲಿಯಲ್ಲಿ ಭಾವನ ಪಕ್ಕ ಕೂತು, “ಎಲ್ಲಿ ಭಾವ, ಡಬ್ಬಿ ಕೊಡಿ” ಎಂದು ಕೈ ನೀಡಿದ. ಒಂದು ಚಿಟಿಕೆ ತಂಬಾಕು ತೆಗೆದು ಬೆರಳ ನಡುವೆ ಹಿಂಡಿದ. ಅದು ಹಾಗೇ ಉಂಡೆ ಕಟ್ಟಿಕೊಂಡು ಕೂತಿತು.

“ಇದು ತಂಬಾಕಾ, ನೆನೆ ಹಾಕಿದ ಹುಣಸೆಹಣ್ಣಾ? ಹಿಂಡಿ ಬಿಟ್ರೆ ಬಿರಿದ್ಕೊಂಡ್ ಬರ್ಬೇಕು ಭಾವ. ಇಷ್ಟು ಈರ ಇದ್ರೆ ನೀವು ಎಳೀತಾ ಇರೋದು ಹೊಗೆ ಅಲ್ಲ, ಆವಿ. ಇಡ್ಲಿ ಬೇಯೋ ಹಂಗೆ ನಾಲಿಗೆ ಬೇಯ್ತಾ ಐತೆ.”

ಅಪ್ಪ ಏನೋ ಹೇಳಲು ಬಾಯಿ ತೆರೆದ. ಮಾವ ನಿಲ್ಲಲಿಲ್ಲ. ತಂಬಾಕನ್ನು ಕಾಗದದ ಮೇಲೆ ಹರವಿ ನೆರಳಲ್ಲಿಟ್ಟ. ಪೈಪಿನ ಕೊಳವೆ ಬಿಚ್ಚಿ ಒಳಗೆ ತಂತಿಗೆ ಬಟ್ಟೆ ಸುತ್ತಿ ತಿರುಗಿಸಿದ. ಕಪ್ಪು ನೀರು ಸೋರಿ ಕೈಗೆ ಬಂತು. ವಾಸನೆಗೆ ನಾನು ಮೂಗು ಮುಚ್ಚಿಕೊಂಡೆ. “ಇದನ್ನೂ ನಾಲಿಗೆ ಮೇಲೆ ಬಿಟ್ಕೊಂಡಿದೀರಿ” ಎಂದ. ತಂಬಾಕು ತಕ್ಕಷ್ಟು ಒಣಗಿದ ಮೇಲೆ ತಾನೇ ತುಂಬಿ ತೋರಿಸಿದ. ಅಡಿಯಲ್ಲಿ ಸುಮ್ಮನೆ ಉದುರಿಸಿ, ಮೇಲೆ ಮಾತ್ರ ಸ್ವಲ್ಪ ಒತ್ತಿ.

“ಬಿಸಿ ಕಾಪಿ ಹೆಂಗ್ ಕುಡೀತೀರಿ? ಗಟಗಟ ಅಂತಾನಾ? ಹಂಗೆ ಇದೂನೂ. ಮೆಲ್ಲ. ಪೈಪ್ ಕೆನ್ನೆಗಿಟ್ಟು ನೋಡಿ, ಇಡೋಕಾಗದೆ ಇದ್ರೆ ಜಾಸ್ತಿ ಎಳೀತಾ ಇದೀರಿ ಅಂತ ಅರ್ಥ. ಕೆಳಗಿಡಿ.”

“ಆರ್ ಹೋಯ್ತದಲ್ಲ ಮಾಪ್ಳೆ.”

“ಹೋಗ್ಲಿ. ಮತ್ತೆ ಹೊತ್ತಿಸಿ. ಆರಿದ್ರೆ ಯಾರ್ ನಿಮ್ಮನ್ನ ಜೈಲಿಗೆ ಹಾಕ್ತಾರೆ? ಒಂದ್ಸಲ ಸೇದಿದ್ ಮೇಲೆ ಇವತ್ತಿಗೆ ಬಿಟ್ಬಿಡಿ, ಒಣಗ್ಲಿ. ನಾನೂ ಸೇದ್ತಾ ಇದ್ದೆ ಭಾವ. ಒಂದ್ ದಿನ ಬೆಟ್ಟದ ಮೇಲಿನ ಟೀಗೂ ಕೆಳಗಿನ ಟೀಗೂ ವ್ಯತ್ಯಾಸ ತೆರೀಲಿಲ್ಲ. ಕೆಲಸ ಹೋಗೋದ್ರಲ್ಲಿತ್ತು. ಅವತ್ತೇ ಬಿಟ್ಟೆ.”

ಒಳಗಿನಿಂದ ಅಮ್ಮ, “ಆ ಕೊನೇ ಮಾತನ್ನ ಇನ್ನೊಂದ್ ಸಲ ಜೋರಾಗಿ ಹೇಳೋ” ಎಂದಳು.

ಅಪ್ಪ ಬಿಡಲಿಲ್ಲ, ಆದರೆ ಮಾವ ಹೇಳಿದಂತೆ ಮಾಡಿದ. ನಾಲಿಗೆಯ ಉರಿ ದಿನದಿಂದ ದಿನಕ್ಕೆ ಇಳಿಯಿತು. ಒಂದು ಮಧ್ಯಾಹ್ನ ಹುಳಿಯನ್ನ ಉಂಡು, ಬೆರಳು ಚೀಪಿ, ಅಮ್ಮನ ಕಡೆ ನೋಡಿ ದೊಡ್ಡ ಮನಸ್ಸಿನಿಂದ ಹೇಳಿದ:

“ಈಗ ಸರಿ ಮಾಡಿದೀಯ ನೋಡು, ಪೊಡೀನ.”

ನಾನು ಅಮ್ಮನನ್ನು ಅಷ್ಟು ಸಿಟ್ಟಿನಲ್ಲಿ ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಸೌಟನ್ನು ಎಸೆಯಲಿಲ್ಲ, ಕಿರುಚಲಿಲ್ಲ. ಅಪ್ಪನ ಎದುರು ನೆಲದ ಮೇಲೆ ಕೂತಳು.

“ನಾನು ಒಂದ್ ಚಿಟಿಕೆನೂ ಬದ್ಲಾಯಿಸ್ಲಿಲ್ಲ. ಅದೇ ಪೊಡಿ. ಕಲಬೆರಕೆ ಅಂತ ಊರ್ ಮುಂದೆ ಹೇಳಿದ್ರಲ್ಲ, ಅದೇ. ಎಲ್ಲಿ ಹೇಳಿದ್ರೋ ಅಲ್ಲೇ ನಿಂತು ಇಲ್ಲಾ ಅಂತ ಹೇಳಿ. ಹೇಳೋ ತನಕ ನಿಮ್ಮ ತಟ್ಟೆಗೆ ನನ್ನ ಪೊಡಿ ಇಲ್ಲ.”

“ಗಂಡ್ಸು ಬೀದೀಲಿ ನಿಂತ್ಕೊಂಡು…”

“ಹೆಂಗ್ಸು ಪಾತ್ರೆ ಹಿಡ್ಕೊಂಡ್ ನಿಂತಿದ್ಲಲ್ಲ, ಅವತ್ತು?”

ಅಂದಿನಿಂದ ಅಪ್ಪನಿಗೆ ಮೊಸರನ್ನ. ಬೆಳಿಗ್ಗೆ ಮೊಸರನ್ನ, ಮಧ್ಯಾಹ್ನ ಮೊಸರನ್ನ. ನಮಗೆ ಪಕ್ಕದಲ್ಲೇ ಘಮಘಮ ಹುಳಿ. ಅಪ್ಪ ಹೋಟೆಲಿಗೆ ಹೋದ, ಪೊಳ್ಳಾಚಿಗೆ ಹೋದಾಗ ಹೊಟ್ಟೆ ತುಂಬ ಉಂಡು ಬಂದ, ತಮ್ಮಂದಿರ ಮನೆಯಲ್ಲಿ ಕೈ ನೆನೆಸಿದ. ಒಳ್ಳೆಯ ನಾಲಿಗೆ ಇದ್ದವನಿಗೆ ಅದೆಲ್ಲ ಎಷ್ಟು ದಿನ ಹಿಡಿಸೀತು? ಕೊನೆಗೆ ಬೀದಿಯ ಇನ್ನೊಂದು ಮನೆಯ ಸೀಮಂತದ ಊಟದಲ್ಲಿ ಎದ್ದು ನಿಂತ. ಅಮ್ಮ ಬಾಗಿಲಲ್ಲಿದ್ದಳು. ಅಪ್ಪ ಗಂಟಲು ಸರಿಮಾಡಿಕೊಂಡು ತಮಿಳಿನಲ್ಲಿ, “ಅವತ್ತು ಪೊಡಿ ಬಗ್ಗೆ ಹೇಳಿದೆನಲ್ಲ, ಪೊಡಿಯಲ್ಲಿ ಏನೂ ಇರಲಿಲ್ಲ. ಎಲ್ಲಾ ಈ ಹಾಳು ಪೈಪಿನ ತಪ್ಪು” ಎಂದು ಪೈಪನ್ನು ಎತ್ತಿ ತೋರಿಸಿದ. ಎಲ್ಲರೂ ಗೊಳ್ಳೆಂದು ನಕ್ಕರು. ಅಪ್ಪನೂ ನಕ್ಕ. ನೇಕಾರರ ಬೀದಿಯ ನೆಚ್ಚಿನ ತಮಾಷೆಯಾಯಿತು ಅದು.

ಪೈಪಿನ ತಪ್ಪಂತೆ! ತಾನಾಗಿ ಪೆಟ್ಟಿಗೆಯಿಂದ ಎದ್ದು, ತಾನಾಗಿ ಬೆಂಕಿ ಹಚ್ಚಿಕೊಂಡು, ಇವನ ಬಾಯಿಗೆ ಹಾರಿ ಕೂತ ಪೈಪು! ಅಮ್ಮ ನಗಲಿಲ್ಲ. ಕೊಟ್ಟ ಮಾತು ಮಾತೇ ಎಂದು ಅವತ್ತೇ ಅಪ್ಪನ ತಟ್ಟೆಗೆ ಹುಳಿ ಬಡಿಸಿದಳು. ಅಷ್ಟೇ. ಕೆಲವು ಹೆಂಗಸರು ಡಬ್ಬಿ ಹಿಡಿದು ಮತ್ತೆ ಬಂದರು. ಬಹಳ ಜನ ಬರಲಿಲ್ಲ. ಅಷ್ಟರಲ್ಲಿ ಅಂಗಡಿಗಳಲ್ಲಿ ಪೊಟ್ಟಣದ ಪುಡಿ ಬಂದಿತ್ತು, ಅದು ಅಭ್ಯಾಸವಾಗಿಬಿಟ್ಟಿತ್ತು. ಅಪ್ಪ ಆಮೇಲೆ ಬದುಕಿದ್ದಷ್ಟು ಕಾಲವೂ ಕಂಡಕಂಡವರ ಮುಂದೆ ಹೆಂಡತಿಯ ಪುಡಿಯನ್ನು ಹೊಗಳಿದ. ಕೊಳ್ಳುವವರಿಲ್ಲದ ಪುಡಿಗೆ ಹೊಗಳಿಕೆ! ಅಮ್ಮನ ಎದುರು, ಮನೆಯ ಮಾತಿನಲ್ಲಿ, ಕನ್ನಡದಲ್ಲಿ, ನನ್ನದು ತಪ್ಪಾಯಿತು ಎಂದು ಅವನು ಹೇಳಿದ್ದನ್ನು ನಾನು ಕೇಳಲಿಲ್ಲ. ನಾನಿಲ್ಲದಾಗ ಹೇಳಿದ್ದನೇನೋ ಎಂದು ಒಮ್ಮೆ ಅಮ್ಮನನ್ನೇ ಕೇಳಿದೆ. “ಎಲ್ಲಿ?” ಎಂದಳು.

ಈಗ ಹೇಳಿ, ಕಿರಣನ ಮಾತು ಕೇಳಿ ನಾನು ಸುಮ್ಮನೆ ಹೇಗೆ ಇರಲಿ?

ಅದೇ ಸಂಜೆ ಒಂದು ಬಟ್ಟಲು ಗಟ್ಟಿ ಮೊಸರು ಹಿಡಿದು ಕೆಳಗೆ ಹೋದೆ. ಬಾಗಿಲು ತೆಗೆದವನ ಕೈಯಲ್ಲಿ ಪೈಪು. “ತಿನ್ನು” ಎಂದೆ. ಪಾಪ, ಏನೋ ಹರಕೆಯ ಪ್ರಸಾದ ಎಂದುಕೊಂಡಿರಬೇಕು, ತಿಂದ. ಮುಖ ಕಿವುಚಿದ.

“ಉರಿಯುತ್ತಾ?”

“ಸ್ವಲ್ಪ… ಹುಳಿಯಾಗಿದೆಯೇನೋ ಆಂಟಿ.”

“ಹುಳಿ ಇಲ್ಲ. ಈಗ ತಾನೇ ಹೆಪ್ಪಾದ ಮೊಸರು. ಇದ್ರಲ್ಲಿ ಯಾವ ಪಾಪಾತ್ತಿ ಬಂದು ಮೆಣಸಿನಕಾಯಿ ಹಾಕಿದ್ಳು?”

ಅವನು ಬಟ್ಟಲನ್ನೂ ಪೈಪನ್ನೂ ನೋಡಿದ. ತಂಬಾಕು ತರಿಸಿದೆ, ಹಿಂಡಿ ತೋರಿಸಿದೆ. ಮಾವ ಹೇಳಿದ್ದೆಲ್ಲ ನನ್ನ ಬಾಯಿಂದ ಒಂದು ಬಿಡದೆ ಬಂತು. ಒಣಗಿಸು, ಸಡಿಲವಾಗಿ ತುಂಬು, ಮೆಲ್ಲಗೆ ಎಳೆ, ಆರಿದರೆ ಆರಲಿ. ನಾಲಿಗೆ ಹುಣ್ಣಾಗಿ ಮಾಯದಿದ್ದರೆ ಡಾಕ್ಟರ ಹತ್ತಿರ ಓಡು, ಎಲ್ಲಕ್ಕಿಂತ ಒಳ್ಳೆಯದು ಇದನ್ನು ಬಿಸಾಡುವುದು ಎಂದು ನನ್ನ ಕಡೆಯಿಂದಲೂ ಸೇರಿಸಿದೆ. ಆ ಹುಡುಗ ಬೆರಗಾಗಿ, “ಆಂಟಿ, ನೀವು ಪೈಪ್ ಸೇದ್ತಿದ್ರಾ?” ಎಂದ! “ಇಲ್ಲಪ್ಪ, ಸೇದುವವರ ಮನೇಲಿದ್ದೆ” ಎಂದೆ.

“ಸಾರಿ ಆಂಟಿ.”

“ನಂಗ್ಯಾಕೆ ಸಾರಿ? ಗ್ರೂಪಲ್ಲಿ ಬರಿ.”

ಅವನು ನನ್ನೆದುರೇ ಬರೆದು ಫೋನು ತೋರಿಸಿದ. ಪೈಪಿನಿಂದ ಸಣ್ಣ ತಪ್ಪು ತಿಳಿವಳಿಕೆ ಆಗಿತ್ತು ಎಂದಿತ್ತು. ಅಳಿಸು ಎಂದೆ. ಪೈಪು ತಾನೇ ಗ್ರೂಪಲ್ಲಿ ಬರೆದಿತ್ತಾ? ಅವನು ಕೆಂಪಗಾಗಿ ಅಳಿಸಿದ. ಪಾಪಾತ್ತಿಯ ಅಡುಗೆಯಲ್ಲಿ ದೋಷವಿರಲಿಲ್ಲ, ನಾನು ಹೇಳಿದ್ದು ತಪ್ಪು ಎಂದು ಬರೆದ. ಕಳಿಸಿದ. ನಾನು ಅದನ್ನು ಮತ್ತೊಮ್ಮೆ ಓದಿದೆ, ಎಷ್ಟೋ ವರ್ಷದಿಂದ ಆ ಒಂದು ವಾಕ್ಯಕ್ಕಾಗಿ ಕಾದಿದ್ದವಳ ಹಾಗೆ.

ಬಿಟ್ಟ ಎರಡು ಮನೆಗಳಲ್ಲಿ ಒಂದು ಮನೆಯವರು ಪಾಪಾತ್ತಿಯನ್ನು ಮತ್ತೆ ಕರೆದರು. ಕಿರಣ ತಾನೂ ಕರೆದ, ಅವಳು ಬರಲಿಲ್ಲ. ಹೋಗಿ ಕ್ಷಮೆಯನ್ನೂ ಕೇಳಿದನಂತೆ. ಕೊನೆಗೆ ನೀವೊಂದು ಮಾತು ಹೇಳಿ ಆಂಟಿ ಎಂದು ನನ್ನ ಬೆನ್ನು ಹತ್ತಿದ. ಮೊನ್ನೆ ಅವಳ ಮನೆಗೆ ಹೋಗಿದ್ದೆ. ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ವಿಷಯ ಎತ್ತಿದೆ. ಅವಳು ತಲೆ ಎತ್ತಲೇ ಇಲ್ಲ.

“ಆ ತಂಬಿ ಒಳ್ಳೇವ್ರೇ ಅಮ್ಮಾ. ಆದ್ರೆ ಬೇಡ,” ಎಂದಳು ತಮಿಳಿನಲ್ಲಿ. “ನಾಳೆ ಅವ್ರಿಗೆ ಹಲ್ಲು ನೋವು ಬಂದ್ರೂ ನಾನು ಬೇಯಿಸಿದ ಅನ್ನ ಗಟ್ಟಿ ಅಂತಾರೆ.”

ಶಿಫಾರಸು ಮಾಡಲು ಹೋದವಳು ನಾನು. ಆ ಮಾತು ಅಲ್ಲಿಗೇ ಬಿಟ್ಟೆ. ಹೀಗೆ ಬೇಡ ಎಂದು ಹೇಳಿ ಸೊಪ್ಪು ಬಿಡಿಸುತ್ತ ಕೂರುವುದಕ್ಕೆ ನನ್ನ ಅಮ್ಮನಿಗೆ ಬೇರೆ ಮನೆ ಇರಲಿಲ್ಲ. ಪಾಪಾತ್ತಿಯ ಎದುರು ಕೂತು ನಾನೂ ಒಂದು ಕಟ್ಟು ಸೊಪ್ಪು ಎತ್ತಿಕೊಂಡೆ.